ಬಿಸಿ ಐತೆ, ದೀಪ ಇಲ್ಲ

ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿ, ನುಣ್ಣಗೆ ಹೊಳೆಯುತ್ತಿತ್ತು. ಚಿಕ್ಕಂದಿನಲ್ಲಿ ಬ್ರೈಲ್ ಚುಕ್ಕಿಗಳ ಮೇಲೆ ಓಡಿದ್ದು, ಆಮೇಲೆ ಕೆಲಸದುದ್ದಕ್ಕೂ ಟೆಲಿಫೋನ್ ಬೋರ್ಡಿನ ಗುಂಡಿ ಒತ್ತಿದ್ದು, ಎರಡೂ ಸೇರಿ ಆ ಬೆರಳಿನ ಗೆರೆಗಳನ್ನೇ ಸವೆಸಿಬಿಟ್ಟಿದ್ದವು. ಆಧಾರ್ ಮಾಡಿಸಲು ಹೋದಾಗ ಯಂತ್ರ ಅದನ್ನು ಒಪ್ಪಲೇ ಇಲ್ಲವಂತೆ. "ನಾನು ನಾನೇ ಅಂತ ನನ್ ಬೆಟ್ಟೇ ಸಾಕ್ಷಿ ಏಳ್ನಿಲ್ಲ ಕಣಮ್ಮ" ಎಂದು ಬೆರಳು ಎತ್ತಿ ತೋರಿಸಿ ನಗುತ್ತಿದ್ದರು. ಆದರೆ ಆ ಬೆರಳಿಗೆ ಒಂದು ಕೆಲಸ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರ್ ಡಬ್ಬದ ಹಿಂಬದಿಗೆ ಹೋಗಿ, ಇಂಟರ್ನೆಟ್ಟು ಹಿಡಿಯಲು ಅಲ್ಲಿ ಚುಚ್ಚಿಟ್ಟಿದ್ದ ಯುಎಸ್‌ಬಿ ವೈಫೈ ಡಾಂಗಲ್ಲಿನ ಮೇಲೆ ಕೂರುತ್ತಿತ್ತು. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ಮುಟ್ಟಿಕೊಂಡಿದ್ದು, ತಲೆ ಓರೆ ಮಾಡಿ, "ಬೆಚ್ಚಗೈತೆ. ಬೆಚ್ಚಗಿದ್ರೆ ಜೀವ ಐತೆ" ಎನ್ನುತ್ತಿದ್ದರು.

ಮದ್ದೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ ನಮ್ಮದು. ಕೆಳಗಿನ ಮನೆಯಲ್ಲಿ ಅವರು, ಮೇಲಿನ ಬಾಡಿಗೆ ಮನೆಯಲ್ಲಿ ನಾನು. ಹುಟ್ಟಿನಿಂದಲೇ ಕಣ್ಣು ಕಾಣದವರು. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ, ದಿನಾ ರೈಲಿನಲ್ಲಿ ಓಡಾಡಿ, ರಿಟೈರಾದವರು. ಮದುವೆಯಾಗಿರಲಿಲ್ಲ. ಮಂಡ್ಯದಲ್ಲಿ ಒಬ್ಬ ತಂಗಿ ಇದ್ದರು. ಗೌರಿ ಹಬ್ಬಕ್ಕೆ ಇವರೇ ಹೋಗಿ ಬಾಗಿನ ಕೊಟ್ಟು ಬರುತ್ತಿದ್ದರು. ಬೀದಿಯವರಿಗೆಲ್ಲ ಅವರು ಆಪ್ರೇಟ್ರು. ಸೊಪ್ಪಿನವಳಿಗೂ ಆಪ್ರೇಟ್ರು, ಹಾಲಿನವನಿಗೂ ಆಪ್ರೇಟ್ರು. ರೇಷನ್ ಕಾರ್ಡಿನಲ್ಲಿದ್ದ ಹೆಸರು ಯಾರ ನೆನಪಿನಲ್ಲೂ ಇರಲಿಲ್ಲ. ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಆ ಹೆಸರಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ.

ನಾನು ಹೊಳಲಿನವಳು. ಮದ್ದೂರಿನಾಚೆ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗಂಡನನ್ನು ಬಿಟ್ಟು ಬಂದು ತವರಿನಲ್ಲಿ ಕೂತರೆ ದಿನಾ ಅಮ್ಮನ ಮುಖ ನೋಡಬೇಕಲ್ಲ, ಅದಕ್ಕೇ ಸ್ಕೂಲಿಗೆ ಹತ್ತಿರ ಎಂದು ನೆಪ ಹೂಡಿ ಇಲ್ಲಿ ಮನೆ ಹಿಡಿದೆ. ಮನೆ ಹುಡುಕುವಾಗ ಎಲ್ಲ ಬಾಗಿಲಲ್ಲೂ ಮೊದಲನೇ ಪ್ರಶ್ನೆ ಒಂದೇ: "ಯಜಮಾನ್ರು ಏನ್ ಮಾಡ್ತಾರಮ್ಮ?" ಇವರು ಕೇಳಿದ್ದು, ನೀರು ಬೆಳಗ್ಗೆ ಬಿಡಬೇಕಾ ಸಂಜೆ ಬಿಡಬೇಕಾ ಅಂತ. ಕೇಳದಿದ್ದರೂ ನಾನೇ, "ನಮ್ಮನೆಯವರು ಬೆಂಗಳೂರಲ್ಲಿದ್ದಾರೆ, ಆಗಾಗ ಬಂದು ಹೋಗ್ತಾರೆ" ಎಂದು ಸುಳ್ಳೊಂದನ್ನು ಒದರಿದೆ. ಅವರು ಹೂಂ ಅಂದು ಬೀಗದ ಕೈ ಕೊಟ್ಟರು.

ಮನೆ ಸೇರಿದ ವಾರದಲ್ಲೇ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಆಪರೇಟರು. ಬನಿಯನ್ನು, ಪಂಚೆ, ಹೆಗಲ ಮೇಲೆ ಟವೆಲ್ಲು.

"ಟೀಚ್ರಮ್ಮ, ಒಂದು ದೀಪ ನೋಡ್ಬೇಕಿತ್ತಲ್ಲ. ಒಸಿ ಬತ್ತೀಯಾ?"

ದೇವರ ದೀಪ ಆರಿತೇನೋ ಅಂದುಕೊಂಡು ಬೆಂಕಿಪೊಟ್ಟಣ ಹಿಡಿದೇ ಇಳಿದೆ. ಕೆಳಮನೆ ಪೂರ್ತಿ ಕತ್ತಲು. ಅವರು ನನಗಿಂತ ಮುಂದೆ ನಡೆದು ಸ್ವಿಚ್ಚು ಹಾಕಿ, "ನಿಂಗೆ ಬೆಳಕು ಬೇಕಲ್ಲ" ಅಂದರು. ಮೇಜಿನ ಮೇಲೆ ಒಂದು ಹಳೇ ಕಂಪ್ಯೂಟರು. ಮಾನಿಟರಿಗೆ ಬಟ್ಟೆ ಮುಚ್ಚಿತ್ತು, ಅವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಅವರು ಹಿಂಬದಿಯ ಡಾಂಗಲ್ಲನ್ನು ತೋರಿಸಿ, ಅದರಲ್ಲಿ ನೀಲಿ ದೀಪ ಮಿಣುಕುತ್ತಿದೆಯಾ ನೋಡು ಎಂದರು. ನಾನು ಬಗ್ಗಿ ನೋಡಿ, ಇಲ್ಲ ಎಂದೆ.

ಅವರು ಬೆರಳಿಟ್ಟು ನೋಡಿದರು. "ಬಿಸಿ ಐತೆ, ದೀಪ ಇಲ್ಲ. ಅಂಗಾದ್ರೆ ಜೀವ ಐತೆ, ಮಾತಿಲ್ಲ."

ಆ ಮಾತು ಡಾಂಗಲ್ಲಿನ ಬಗ್ಗೆ ಅಂತ ಗೊತ್ತಿದ್ದೂ ನನ್ನ ಬಗ್ಗೆಯೇ ಅಂದ ಹಾಗಾಯಿತು. ಆ ವಾರವೆಲ್ಲ ಸ್ಕೂಲಿನ ಪಾಠ ಬಿಟ್ಟರೆ ನಾನು ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ.

ಅವರ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದರಲ್ಲಿ ಪುಕ್ಕಟೆಯಾಗಿ ಬರುತ್ತದೆ, ಅದಕ್ಕೇ ಅದು. ಆ ದನಿ ಇಂಗ್ಲಿಷನ್ನು ಎಷ್ಟು ಜೋರಾಗಿ ಓಡಿಸುತ್ತಿತ್ತೆಂದರೆ ನನಗೆ ಒಂದಕ್ಷರವೂ ಹಿಡಿಯುತ್ತಿರಲಿಲ್ಲ; ಅವರು ಮಾತ್ರ ಪಕ್ಕದ ಮನೆಯವರು ಬೇಲಿಯಾಚೆಯಿಂದ ಮಾತಾಡಿದ ಹಾಗೆ ಹೂಂಗುಟ್ಟುತ್ತ ಕೂರುತ್ತಿದ್ದರು. ಸ್ಮಾರ್ಟ್‌ಫೋನು ಅವರಿಗೆ ಆಗದು. "ಗಾಜು ಸವರ್ಕಂಡು ಏನ್ ಮಾಡಾದು? ಬೆಟ್ಟಿಗೆ ಏನಾರ ಸಿಗ್ಬೇಕಲ್ಲಮ್ಮ" ಎಂದು ಗುಂಡಿ ಇರುವ ಹಳೇ ಫೋನನ್ನೇ ಇಟ್ಟುಕೊಂಡಿದ್ದರು. ಇಂಟರ್ನೆಟ್ಟು ಬರುವುದು ಮೇಲಿನ ಮನೆಗೆ. ಕೆಳಕ್ಕೆ ವೈರು ಎಳೆಸಿದ್ದರಂತೆ. ಸ್ಟೇಷನ್ನಿನ ಕೋತಿಗಳು ಅದನ್ನು ಹಿಡಿದು ಜೋತಾಡಿ ಕಿತ್ತುಹಾಕಿದವು. ಮತ್ತೆ ಎಳೆಸಿದರೆ ಮತ್ತೆ ಕಿತ್ತವು. ಆಮೇಲೆ ಬಂದದ್ದು ಈ ಡಾಂಗಲ್ಲು.

ಇದರ ಪಾಡು ಹೇಳುತ್ತೇನೆ ಕೇಳಿ. ಲಿನಕ್ಸಿನ ನಡುಮನೆಯಲ್ಲಿ ಕರ್ನಲ್ ಅಂತ ಒಂದಿದೆ, ಎಲ್ಲವೂ ಅದರ ಮೂಲಕವೇ ನಡೆಯಬೇಕು. ಡಾಂಗಲ್ಲಿಗೂ ಅದಕ್ಕೂ ನಡುವೆ ನಿಂತು ಮಾತಾಡಿಸುವವನು ಡ್ರೈವರು. ಕೆಲವು ಡಾಂಗಲ್ಲುಗಳ ಡ್ರೈವರು ಕರ್ನಲ್ಲಿನ ಜೊತೆಗೇ ಬರುತ್ತದೆ. ಇವರದಕ್ಕೆ ಬರುತ್ತಿರಲಿಲ್ಲ, ಯಾರೋ ಪುಣ್ಯಾತ್ಮರು ಬರೆದಿಟ್ಟದ್ದನ್ನು ಇಳಿಸಿಕೊಂಡು, ನಮ್ಮ ಕರ್ನಲ್ಲಿಗೆ ಹೊಂದುವ ಹಾಗೆ ನಾವೇ ಕಟ್ಟಿ ಕೂರಿಸಬೇಕಿತ್ತು. ಕರ್ನಲ್ ಹೊಸದಾದಾಗಲೆಲ್ಲ ಕಟ್ಟಿದ್ದು ಕೆಲಸಕ್ಕೆ ಬಾರದೆ ಹೋಗುತ್ತಿತ್ತು. ತಾನಾಗಿಯೇ ಕಟ್ಟಿಕೊಳ್ಳುವ ಏರ್ಪಾಡೂ ಇದೆಯಂತೆ, ಇವರ ಡಬ್ಬಕ್ಕೆ ಅದು ಒಗ್ಗಲಿಲ್ಲ.

"ಒಸಾ ಸಾಹೇಬ್ರು ಬಂದಂಗೆ ಕಣಮ್ಮ" ಎಂದು ಅವರು ನನಗೆ ತಿಳಿಸಿ ಹೇಳಿದರು. "ಅಳೇ ಸಾಹೇಬ್ರು ಸೈನ್ ಮಾಡಿದ್ದು ಇವ್ರ ತಾವ ನಡೆಯಾಕಿಲ್ಲ. ಮತ್ತೆ ಓಗಿ ಕೈಕಟ್ಕಂಡು ನಿಂತ್ಕಬೇಕು."

ಹೊಸ ಡ್ರೈವರು ಇಳಿಸಿಕೊಳ್ಳಲು ಇಂಟರ್ನೆಟ್ಟು ಬೇಕು. ಇಂಟರ್ನೆಟ್ಟು ಬರಲು ಡ್ರೈವರು ಬೇಕು. ಈ ಪೇಚಾಟದಲ್ಲಿ ನನ್ನ ಫೋನಿಗೆ ಕೆಲಸ ಸಿಕ್ಕಿತು. ಅದನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಕಟ್ಟಿದರೆ ಅದರ ಇಂಟರ್ನೆಟ್ಟು ಇದಕ್ಕೆ ಬರುತ್ತದೆ. ಒಮ್ಮೆ ಹಾಗೆ ಕಟ್ಟಿಟ್ಟಾಗ ನಾನು, "ಇದನ್ನೇ ಇಟ್ಟುಕೊಳ್ಳಿ ಸಾರ್, ಡಾಂಗಲ್ಲಿನ ಗೊಡವೆ ಯಾಕೆ?" ಅಂದೆ.

"ನಿನ್ ಫೋನಲ್ವಾ? ಯಾರಾರ ಮಾಡುದ್ರೆ?"

"ಯಾರೂ ಮಾಡಲ್ಲ ಸಾರ್."

ಅವರು ಕೇಬಲ್ಲನ್ನು ತಡಕಿ ಹಿಡಿದರು. "ಇನ್ನೊಬ್ರ ಕೈ ಇಡ್ಕಂಡು ನಿಂತಿದ್ದು ರಿಪೇರಿ ಅಲ್ಲ. ತಾನೇ ನಿಲ್ಬೇಕು ಅದು" ಎಂದು ಕೇಬಲ್ಲು ಬಿಚ್ಚಿ ಫೋನನ್ನು ನನ್ನ ಕೈಗಿಟ್ಟರು.

ಅವರ ರಿಪೇರಿಗೆ ಒಂದು ಕ್ರಮ ಇತ್ತು. ನನಗೋ ಮೂಗಿನ ಮೇಲೆ ಕೋಪ. ನೆಟ್ಟಿನಲ್ಲಿ ಸಿಕ್ಕಿದ ಕಮಾಂಡನ್ನೆಲ್ಲ ಒಂದರ ಹಿಂದೊಂದು ಬಡಿದು ನೋಡೋಣ ಅನ್ನುವವಳು. ಅವರು ಕೈ ಅಡ್ಡ ಹಿಡಿಯುತ್ತಿದ್ದರು. ಮೊದಲು, ಡಬ್ಬಕ್ಕೆ ಇದು ಕಂಡಿದೆಯಾ ಅಂತ ಕೇಳು. ಕಂಡಿದ್ದರೆ, ಕಂಡ ಹೊತ್ತಿನಲ್ಲಿ ಡಬ್ಬ ಏನು ಗೊಣಗಿತು ಅಂತ ಕೇಳು. ಆಮೇಲೆ, ಮಾತಾಡಿಸುವವನು ಜಾಗದಲ್ಲಿ ಇದ್ದಾನಾ ನೋಡು. ಒಂದೊಂದಕ್ಕೂ ಒಂದೊಂದು ಕಮಾಂಡು. ಲಿನಕ್ಸು ತನಗಾದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಆ ಸಾಲುಗಳನ್ನು ಓದಿಸಿಕೊಂಡು ಕೇಳುವಾಗ ಅವರ ಮುಖದಲ್ಲಿ ಡಾಕ್ಟರ ಮುಖದ ತಾಳ್ಮೆ ಇರುತ್ತಿತ್ತು. "ಒಂದೇ ಸಲ ನಾಕು ಪ್ಲಗ್ ಕಿತ್ರೆ ಯಾವ್ ಲೈನ್ ಕೆಟ್ಟಿತ್ತು ಅಂತ ಎಂಗಮ್ಮ ಗೊತ್ತಾಗಾದು?" ಎನ್ನುತ್ತಿದ್ದರು. ಸರಿಹೋದ ಮೇಲೂ ನಂಬುತ್ತಿರಲಿಲ್ಲ. ಡಬ್ಬವನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ, ಬೆರಳಿಟ್ಟು, ನನ್ನಿಂದ ದೀಪ ನೋಡಿಸಿ, ಆಮೇಲೆಯೇ ಕಾಫಿಗೆ ನೀರಿಡುತ್ತಿದ್ದರು.

ಆ ಡಾಂಗಲ್ಲಿಗೆ ಒಂದು ಕೆಟ್ಟ ಚಾಳಿ ಇತ್ತು. ಚುಚ್ಚಿದ ಕೂಡಲೇ ತಾನು ವೈಫೈ ಅಂತ ಹೇಳಿಕೊಳ್ಳದೆ, ತಾನೊಂದು ಸಿಡಿ ಅಂತ ಹೇಳಿಕೊಳ್ಳುತ್ತಿತ್ತು. ವಿಂಡೋಸಿನವರಿಗೆ ಅನುಕೂಲವಾಗಲಿ ಅಂತ ಕಂಪನಿಯವರು ಮಾಡಿಟ್ಟದ್ದಂತೆ. ಆ ಸಿಡಿಯನ್ನು ಹೊರಕ್ಕೆ ತಳ್ಳು ಎಂದು ಅಪ್ಪಣೆ ಕೊಟ್ಟರೆ ಆಗ ನಿಜ ಒಪ್ಪಿಕೊಳ್ಳುತ್ತಿತ್ತು.

"ಮೊದುಲ್ನೆ ಪರಿಚಯಕ್ಕೆ ಸುಳ್ಳೇಳ್ತದೆ ಇದು" ಎಂದು ಅವರು ನಕ್ಕರು.

ಏನನ್ನಿಸಿತೋ, "ನಾನೂ ಹೇಳಿದ್ದೀನಿ ಸಾರ್" ಅಂದೆ. "ಬೆಂಗಳೂರಲ್ಲಿ ಯಾರೂ ಇಲ್ಲ. ನಾನು ಬಿಟ್ಟು ಬಂದವಳು."

ಕೀಬೋರ್ಡಿನ ಮೇಲಿದ್ದ ಅವರ ಕೈ ನಿಂತಿತು. "ಅದು ಸಿಡಿ ಅಂದಾಗ್ಲೂ ನಂಗೆ ಗೊತ್ತಿತ್ತು ಕಣಮ್ಮ, ಅದು ಸಿಡಿ ಅಲ್ಲ ಅಂತ" ಅಂದರು. "ಮೇಲ್ಗಡೆ ಒಬ್ರೇ ನಡ್ಯಾದು ಕೇಳುಸ್ತದಲ್ಲ. ಆಪ್ರೇಟ್ರಾದೋನು ನಂಬರ್ ಕೇಳ್ಬೋದು, ಯಾಕೆ ಅಂತ ಕೇಳಂಗಿಲ್ಲ. ಬುಡು. ಈಗ ದೀಪ ಬಂತಾ ನೋಡು."

ನಾನು ಅತ್ತೆ, ಅದಕ್ಕೆ ನಾಚಿಕೆಯಿಲ್ಲ. ಅವರು ಕೇಳಿಸಿಕೊಂಡೂ ಕೇಳಿಸದವರ ಹಾಗೆ ಡಬ್ಬದ ಕಡೆ ತಿರುಗಿಕೊಂಡೇ ಇದ್ದರು.

ಇಷ್ಟೆಲ್ಲ ಪರದಾಟ ಯಾತಕ್ಕೆ ಎಂದರೆ, ಸಂಜೆ ಆರು ಗಂಟೆಗೆ. ಮೈಸೂರಿನಲ್ಲಿ ಅಂಧ ಮಕ್ಕಳ ಶಾಲೆಯ ಹಾಸ್ಟೆಲ್ಲಿನಲ್ಲಿ ಅವರ ಜೊತೆ ಓದಿದ ನಾಲ್ವರು ಗೆಳೆಯರಿದ್ದರು. ಒಬ್ಬರು ಮಂಡ್ಯದಲ್ಲಿ, ಒಬ್ಬರು ಮಳವಳ್ಳಿಯಲ್ಲಿ, ಒಬ್ಬರು ಹಾಸನದಲ್ಲಿ, ಒಬ್ಬರು ಚನ್ನಪಟ್ಟಣದಲ್ಲಿ. ಎಲ್ಲರೂ ವಯಸ್ಸಾದವರು, ಮನೆ ಬಿಟ್ಟು ಆಚೆ ಹೋಗುವುದು ಕಮ್ಮಿಯಾಗಿತ್ತು. ದಿನಾ ಸಂಜೆ ಆಪರೇಟರು ಕಂಪ್ಯೂಟರಿನಿಂದ ಒಬ್ಬೊಬ್ಬರನ್ನೇ ಕರೆದು ಒಂದೇ ಲೈನಿಗೆ ಸೇರಿಸುತ್ತಿದ್ದರು. ಆಗ ಅವರ ಮಾತಿನ ಧಾಟಿಯೇ ಬೇರೆ. ಬೀದಿಯ ಮಾತು ಹೋಗಿ ಆಸ್ಪತ್ರೆಯ ಮಾತು ಬರುತ್ತಿತ್ತು.

"ಮಂಡ್ಯ ಲೈನಿನಲ್ಲಿದೆ. ಹಾಸನ ಲೈನಿನಲ್ಲಿದೆ. ಚನ್ನಪಟ್ಟಣ, ಮಾತಾಡಿ. ಮಳವಳ್ಳಿ... ಮಳವಳ್ಳಿ, ದಯವಿಟ್ಟು ಬನ್ನಿ."

ಊರೇ ಹೆಸರು. ಮದ್ದೂರು ಅಂತ ಮಾತ್ರ ಅವರು ಯಾವತ್ತೂ ಕರೆಯಲಿಲ್ಲ. ಮಳವಳ್ಳಿ ಯಾವಾಗಲೂ ತಡ. ಉಳಿದ ಮೂವರು ಬಂದು ಕಾಯುತ್ತಿದ್ದರೂ ಮಳವಳ್ಳಿಯವರ ಸುಳಿವಿಲ್ಲ. ಎಲ್ಲರೂ ಬರುವವರೆಗೂ ಆಪರೇಟರು ಲೈನು ಬಿಡುವಂತಿಲ್ಲವಲ್ಲ, ಅದರಿಂದ ಅಲ್ಲೇ ಕೂತು ಅವರೊಂದಿಗೆ ಮಾತಾಡುತ್ತಿದ್ದರು: ಚನ್ನಪಟ್ಟಣದವರ ಮೊಣಕಾಲು ನೋವು, ಹಾಸನದ ಚಳಿ, ಮದ್ದೂರಿನ ವಡೆ. "ನಾನು ಮದ್ದೂರ್ನೋನು, ವಡೆ ತಿನ್ನಾಕಿಲ್ಲ. ರೈಲಲ್ಲಿ ಓಗೋರು ತಿನ್ಲಿ" ಎಂದು ಅವರು ದಿನಾ ಹೇಳಿದರೂ ಆ ಮೂವರು ದಿನಾ ನಗುತ್ತಿದ್ದರು. ಕೊನೆಗೆ ಮಳವಳ್ಳಿ ಬಂದರೆ ಸಿಡುಕುತ್ತಿದ್ದರು: "ಏನ್ಲಾ ನೀನು, ಇಸ್ಕೂಲ್ಗೂ ಲೇಟು, ಮುದುಕ್ನಾದ್ರೂ ಲೇಟು!" ಆ ಕಡೆಯಿಂದ, "ಎಮ್ಮೆಗೆ ನೀರು ತೋರುಸ್ತಿದ್ದೆ ಕಣ್ಲಾ", ಇಲ್ಲವೇ "ಬಾಗ್ಲು ತಾವ ಯಾರೋ ಬಂದಿದ್ರು ಕಣ್ಲಾ". ದಿನಕ್ಕೊಂದು ಸಬೂಬು.

ನಾಲ್ಕೂ ಊರು ಸೇರಿತು ಅಂದರೆ ಮುಗಿಯಿತು. "ಎಲ್ಲರೂ ಲೈನಿನಲ್ಲಿದ್ದೀರಿ, ಮಾತಾಡಿ" ಎಂದು ಹೇಳಿ ಕುರ್ಚಿ ಹಿಂದಕ್ಕೆ ಸರಿಸಿ, ಬಾಗಿಲು ಮುಂದೆ ಮಾಡಿಕೊಂಡು, ಜಗುಲಿಗೆ ಬಂದು ಕೂತುಬಿಡುತ್ತಿದ್ದರು. ಒಳಗೆ ನಾಲ್ವರು ಮಾತಾಡುತ್ತಿದ್ದರು, ನಗುತ್ತಿದ್ದರು, ಒಮ್ಮೊಮ್ಮೆ ಯಾರೋ ಹಾಡುತ್ತಿದ್ದರು. ಬಾಗಿಲಾಚೆಗೆ ಅದು ಬರಿಯ ಗುಜುಗುಜು. ಇವರು ಬೀದಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು.

ಮೊದಲ ಸಲ ಕಂಡಾಗ ನನಗೆ ಸಿಟ್ಟೇ ಬಂತು. ಒಂದು ಮಧ್ಯಾಹ್ನವೆಲ್ಲ ಒದ್ದಾಡಿ ಡ್ರೈವರು ಕಟ್ಟಿದ್ದು ಇದಕ್ಕಾ? "ನಿಮ್ಮ ಸ್ನೇಹಿತರಲ್ವಾ ಸಾರ್? ಹೋಗಿ ಮಾತಾಡಬಾರದಾ?"

"ಕನೆಕ್ಷನ್ ಕೊಟ್ಟ ಮೇಕೆ ಆಪ್ರೇಟ್ರು ಲೈನಲ್ಲಿ ಇರಂಗಿಲ್ಲ."

"ಇದೇನು ಆಸ್ಪತ್ರೆಯಾ?"

ಸ್ಟೇಷನ್ನಿನಲ್ಲಿ ಮೈಸೂರಿನ ಕಡೆಯ ರೈಲು ಬಂದು ನಿಂತು ಹೊರಟಿತು. ಆಮೇಲೆ ಅವರು ಒಂದು ವಿಷಯ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ವಾರ್ಡಿನಿಂದ ಮುತ್ತತ್ತಿ ಕಡೆಯ ಒಂದು ಹಳ್ಳಿಗೆ ಕರೆ ಜೋಡಿಸಿದ್ದರಂತೆ. ಜೋಡಿಸಿದ ಮೇಲೆ ಕಿವಿಯಿಂದ ಹೆಡ್‌ಫೋನು ತೆಗೆಯುವುದು ಮರೆತರು. ಆ ಕಡೆ ಒಬ್ಬ ಹೆಂಗಸು. ಗಂಡನನ್ನು ಮನೆಗೆ ಕಳಿಸುತ್ತಾರೆ ಅಂದುಕೊಂಡು, ಕೇಳುವ ಮೊದಲೇ ಖುಷಿಯಲ್ಲಿ, "ಏನ್ ಅಡಿಗೆ ಮಾಡ್ಲಿ, ಅವ್ರು ಏನ್ ತಿನ್ಬೋದಂತೆ?" ಎಂದು ಕೇಳುತ್ತಿದ್ದಾಳೆ. ಈ ಕಡೆ ಅವಳ ಮೈದುನ, ಹೇಳಲು ಬಾಯಿ ಬರುತ್ತಿಲ್ಲ. ವಿಷಯ ಏನೆಂದು ಇವರಿಗೆ ವಾರ್ಡಿನವರ ಮಾತಿನಿಂದ ಮೊದಲೇ ಗೊತ್ತಿತ್ತು.

"ಅವ್ಳು ಕೇಳ್ತಾನೇ ಅವ್ಳೆ, ಅವ್ನು ಸುಮ್ಗವ್ನೆ. ನಡೂಕೆ ನಾನು. ನನ್ ಬಾಯಲ್ಲಿ ಮಾತೈತೆ, ಆಡಂಗಿಲ್ಲ. ಅವತ್ತಿಂದ ಕನೆಕ್ಷನ್ ಕೊಟ್ಟೇಟ್ಗೆ ಕಿವಿ ತೆಗ್ದುಬುಡ್ತೀನಿ ಕಣಮ್ಮ."

"ಇವರು ನಾಲ್ಕು ಜನ ನಗ್ತಿದ್ದಾರಲ್ಲ ಸಾರ್."

"ಇವತ್ತು ನಗ್ತಾವ್ರೆ. ವಯ್ಸಾಯ್ತು ಎಲ್ರುಗೂ. ನಾಳೆ ಒಂದಿನ ಒಂದೂರು ಕಮ್ಮಿ ಆಯ್ತದೆ. ಅದ ಯಾರೋ ಒಬ್ರು ಏಳ್ತಾರೆ. ಆ ಒತ್ನಲ್ಲಿ ನಾನು ಕೇಳುಸ್ಕಂಡು ಕೂತಿರ್ಬಾರ್ದು."

ಅದೊಂದು ಹೆದರಿಕೆ ಅವರಿಗೆ. ಅದರ ಮುಂದೆ ನನ್ನ ಗಣಿತದ ವಾದ ನಡೆಯಲಿಲ್ಲ. ಅವತ್ತಿನಿಂದ ನಾನೂ ಆರು ಗಂಟೆಗೆ ಇಳಿದು ಬಂದು ಜಗುಲಿಯ ಇನ್ನೊಂದು ತುದಿಯಲ್ಲಿ ಕೂರತೊಡಗಿದೆ. ಕಾಫಿ ಒಂದು ದಿನ ಅವರದು, ಒಂದು ದಿನ ನನ್ನದು. ಮಾತು ಇರಲೇಬೇಕು ಅಂತೇನೂ ಇರಲಿಲ್ಲ. ಯಾವ ರೈಲು ಎಷ್ಟು ತಡ, ಯಾರ ಮನೆಯಲ್ಲಿ ಒಗ್ಗರಣೆ ಸೀದಿತು, ಅವರು ಹೇಳುತ್ತಿದ್ದರು. ಇವತ್ತು ಆಕಾಶ ಹೇಗಿದೆ ಅಂತ ನಾನು ಹೇಳುತ್ತಿದ್ದೆ. ನಡುನಡುವೆ ಎದ್ದು ಹೋಗಿ, ಲೈನು ಕಿವಿಗೆ ಬೀಳದ ಹಾಗೆ ಗುಣುಗುಣು ಹಾಡಿಕೊಳ್ಳುತ್ತ, ಡಾಂಗಲ್ಲಿನ ಮೇಲೆ ಬೆರಳಿಟ್ಟು ಬರುತ್ತಿದ್ದರು. "ಬೆಚ್ಚಗೈತೆ" ಎಂದು ಮತ್ತೆ ಕೂರುತ್ತಿದ್ದರು. ನನ್ನ ದಿನದಲ್ಲಿ ಇನ್ನೊಬ್ಬರ ಪಕ್ಕ ಕೂತ ಹೊತ್ತು ಅಂದರೆ ಅದೊಂದೇ. ಕರ್ನಲ್ ಹೊಸದಾಗಿ ಇಂಟರ್ನೆಟ್ಟು ಹೋದ ದಿನ ಅವರಿಗಿಂತ ಮೊದಲು ನನಗೇ ಕೈಕಾಲು ಆಡುತ್ತಿರಲಿಲ್ಲ.

ಅವರು ಹೋದದ್ದು ಒಂದು ಸ್ಕೂಲಿನ ದಿನ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಬಸ್ಸಿಳಿದು ಬರುವಷ್ಟರಲ್ಲಿ ಜಗುಲಿಯಲ್ಲಿ ಜನ. ಮಂಡ್ಯದಿಂದ ತಂಗಿ, ತಂಗಿಯ ಗಂಡ ಬಂದಿದ್ದರು. ಮಾರನೇ ದಿನ ಎಲ್ಲ ಮುಗಿಯಿತು. ತಂಗಿ ಒಳ್ಳೆಯವರು; ಹೊರಡುವಾಗ ಕೆಳಮನೆಯ ಬೀಗದ ಕೈ ನನ್ನ ಕೈಗೆ ಕೊಟ್ಟು, "ನಮ್ಮಣ್ಣ ನಿಮ್ ವಿಸ್ಯ ಏಳ್ತಿತ್ತು ಟೀಚ್ರೆ. ತಿಥಿಗೆ ಬತ್ತೀವಿ, ಅಲ್ಲೀಗಂಟ ನೋಡ್ಕಳಿ" ಅಂದರು. ಅಣ್ಣನ ಫೋನನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡು ಹೋದರು.

ಎರಡು ದಿನ ನಾನು ಕೆಳಗೆ ಇಳಿಯಲಿಲ್ಲ. ಮೂರನೇ ಸಂಜೆ ಸ್ಟೇಷನ್ನಿನಲ್ಲಿ ರೈಲು ಕೂಗಿದಾಗ ಥಟ್ಟನೆ ಹೊಳೆಯಿತು: ಆ ನಾಲ್ವರಿಗೆ ಯಾರು ಹೇಳಿದ್ದಾರೆ? ತಂಗಿಗೆ ಅವರ ಪರಿಚಯವಿಲ್ಲ. ನಂಬರುಗಳನ್ನೆಲ್ಲ ಇವರು ತಲೆಯಲ್ಲೇ ಇಟ್ಟುಕೊಂಡಿದ್ದರು. ನನಗೆ ಗೊತ್ತಿದ್ದದ್ದು ಊರಿನ ಹೆಸರುಗಳು ಮಾತ್ರ. ಅವರನ್ನು ಮುಟ್ಟುವ ದಾರಿ ಇದ್ದದ್ದು ಒಂದೇ ಕಡೆ, ಆ ಡಬ್ಬದಲ್ಲಿ ಊರಿನ ಹೆಸರಿನಲ್ಲೇ ಉಳಿದಿದ್ದ ಕರೆಗಳ ಪಟ್ಟಿಯಲ್ಲಿ.

ಬೀಗ ತೆಗೆದೆ. ಒಳಗೆ ಕತ್ತಲು. ನಾನು ಹೊಸ್ತಿಲಲ್ಲಿ ಸುಮ್ಮನೆ ನಿಂತಿದ್ದೆ. ಯಾರಾದರೂ ಮುಂದೆ ನಡೆದು ಸ್ವಿಚ್ಚು ಹಾಕುತ್ತಾರೆ ಅಂತ ಕಾದಿದ್ದೆ ಅನ್ನುವುದು ಆಮೇಲೆ ತಿಳಿಯಿತು. ನಾನೇ ಹಾಕಿದೆ. ಡಬ್ಬ ಆನ್ ಆಗಿಯೇ ಇತ್ತು. ನಡುವೆ ಕರೆಂಟು ಹೋಗಿ ಬಂದಿರಬೇಕು, ಮತ್ತೆ ಎದ್ದಾಗ ಹೊಸ ಕರ್ನಲ್ಲಿನಲ್ಲಿ ಎದ್ದಿತ್ತು. ಇಂಟರ್ನೆಟ್ಟು ಇರಲಿಲ್ಲ. ಹಿಂದಕ್ಕೆ ಬಗ್ಗಿ ಬೆರಳಿಟ್ಟೆ. ಬಿಸಿ ಇತ್ತು, ದೀಪ ಇರಲಿಲ್ಲ.

ನನ್ನ ಫೋನನ್ನೇ ಕಟ್ಟಿ ಅವರಿಗೆ ಕರೆ ಮಾಡಬಹುದಿತ್ತು. ಮಾಡಲಿಲ್ಲ. ಇನ್ನೊಬ್ಬರ ಕೈ ಹಿಡಿದು ನಿಂತದ್ದು ರಿಪೇರಿ ಅಲ್ಲ ಎಂಬ ಮಾತು ಕಿವಿಯಲ್ಲಿತ್ತು. ಸುದ್ದಿ ಹೇಳುವ ಹೊತ್ತು ಅಷ್ಟಾದರೂ ಮುಂದಕ್ಕೆ ಹೋಗಲಿ ಅನ್ನುವ ಆಸೆಯೂ ಇತ್ತು. ಡ್ರೈವರು ಇಳಿಸಿಕೊಳ್ಳುವಷ್ಟು ಹೊತ್ತು ಫೋನು ಕಟ್ಟಿದೆ, ಬಿಚ್ಚಿದೆ. ಆಮೇಲೆ ಅವರ ಕ್ರಮದಲ್ಲೇ ಹೋದೆ. ಡಬ್ಬಕ್ಕೆ ಇದು ಕಂಡಿದೆಯಾ? ಕಂಡಿತ್ತು, ಸಿಡಿ ಅಂತ ಸುಳ್ಳು ಹೇಳುತ್ತಿತ್ತು. ಹೊರಕ್ಕೆ ತಳ್ಳಿದೆ. ಡಬ್ಬ ಏನು ಗೊಣಗಿತು? ಅವರ ಆ ಓದುವ ದನಿ ಓಡಿಸಿಕೊಂಡು ಹೇಳಿತು. ಈಗ ನನಗೂ ಅಷ್ಟಿಷ್ಟು ಹಿಡಿಯುತ್ತಿತ್ತು. ಮಾತಾಡಿಸುವವನು ಇದ್ದಾನಾ? ಇರಲಿಲ್ಲ. ಪಾಸ್‌ವರ್ಡು ನನಗೆ ಹೇಳಿಟ್ಟಿದ್ದರು. ಕಟ್ಟಲು ಕೊಟ್ಟೆ, ಪರದೆಯ ಮೇಲೆ ಸಾಲುಗಳು ಏರುತ್ತ ಹೋದವು. ಒಂದು ಕಡೆ ತಪ್ಪು ಬಂದು ನಿಂತಿತು. ಹೊಸ ಕರ್ನಲ್ಲಿಗೆ ಬೇಕಾದ ಒಂದು ಕಡತ ಇರಲಿಲ್ಲ. ಕೋಪ ಬರಲಿಲ್ಲ ನನಗೆ, ಅದು ನನಗೇ ಆಶ್ಚರ್ಯ. ಆ ಒಂದನ್ನು ಮಾತ್ರ ಫೋನಿನ ಇಂಟರ್ನೆಟ್ಟಿನಿಂದ ತಂದು ಹಾಕಿ ಮತ್ತೆ ಕಟ್ಟಿದೆ. ಆರಿಸಿ, ಹಚ್ಚಿದೆ. ನೀಲಿ ದೀಪ ಮಿಣುಕಿತು. ಆಹಾ ಅಂತ ಜೋರಾಗಿ ಹೇಳಿ, ಕೇಳಿಸಿಕೊಳ್ಳಲು ಯಾರೂ ಇಲ್ಲ ಅಂತ ನೆನಪಾಗಿ ಕೂತೆ.

ಆರು ಗಂಟೆ ಕಳೆದು ಸ್ವಲ್ಪ ಹೊತ್ತಾಗಿತ್ತು. ಮಂಡ್ಯಕ್ಕೆ ಕರೆ ಕೊಟ್ಟೆ, ಹಾಸನಕ್ಕೆ ಕೊಟ್ಟೆ, ಚನ್ನಪಟ್ಟಣಕ್ಕೆ ಕೊಟ್ಟೆ, ಮಳವಳ್ಳಿಗೆ ಕೊಟ್ಟೆ. ಎಲ್ಲರಿಗಿಂತ ಮೊದಲು ಬಂದದ್ದು ಮಳವಳ್ಳಿ.

"ಎಲ್ ಸತ್ತೋಗಿದ್ಲಾ ಮೂರು ದಿನದಿಂದ? ಫೋನ್ ಮಾಡುದ್ರೆ ಸ್ವಿಚ್ ಆಫ್ ಅಂತದೆ..." ಎಂದು ಬೈಯುತ್ತಲೇ ಬಂದರು.

ಎಲ್ಲರೂ ಬರಲಿ ಎಂದು ಕಾದೆ. ಉಳಿದವರೂ ಒಬ್ಬೊಬ್ಬರಾಗಿ ಬಂದರು. ನಾನು ಉಸಿರಾಡುತ್ತಿದ್ದುದು ಅವರಿಗೆ ಕೇಳಿಸಿರಬೇಕು, ಅದು ಗೆಳೆಯನ ಉಸಿರಲ್ಲ ಎಂದು ತಿಳಿದಿರಬೇಕು. ಮಳವಳ್ಳಿಯವರ ಬೈಗಳು ನಿಂತಿತು.

"ನಾನು ಮೇಲಿನ ಮನೆಯವಳು" ಅಂದೆ. ಆಮೇಲೆ ಹೇಳಿದೆ.

ಹಾಸನದವರು ಅಳುತ್ತಿದ್ದರು. ಚನ್ನಪಟ್ಟಣದವರು ದೇವರ ಹೆಸರು ಹೇಳುತ್ತಿದ್ದರು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಹೊರಗೆ ಹೋಗಿಬಿಡಬೇಕು ಅಂತ ನನ್ನ ಕಾಲು ಹೇಳುತ್ತಿತ್ತು. ಆ ಮನುಷ್ಯ ಇಷ್ಟು ವರ್ಷ ಯಾಕೆ ಎದ್ದು ಹೋಗುತ್ತಿದ್ದರು ಅಂತ ಆಗ ನನ್ನ ಮೈಗೇ ತಿಳಿಯಿತು. ನಾನು ಏಳಲಿಲ್ಲ.

ಕೊನೆಗೆ ಮಳವಳ್ಳಿಯವರು ಕೇಳಿದರು. "ಕೂಸೇ, ಕನೆಕ್ಷನ್ ಕೊಟ್ಬುಟ್ಟು ಎದ್ದೋಯ್ತಿದ್ನಲ್ಲ ಅವ್ನು, ಎಲ್ಲಿಗೋಯ್ತಿದ್ದ?"

"ನಿಮಗೆ ಗೊತ್ತಿತ್ತಾ?"

"ಕುರ್ಚಿ ಸದ್ದು ಕೇಳುಸ್ತಿತ್ತು, ಬಾಗ್ಲು ಸದ್ದು ಕೇಳುಸ್ತಿತ್ತು. ನಮ್ಗೇನ್ ಕಿವೀನೂ ಇಲ್ವಾ? ಇರ್ಲಾ ಅಂದ್ರೆ ಇರ್ತಿರ್ನಿಲ್ಲ ನನ್ಮಗ. ಎಲ್ರೂ ಬಂದ್ಬುಟ್ರೆ ಓಗ್ಬುಡ್ತಾನೆ, ಒಬ್ರು ಬರ್ದೇ ಇದ್ರೆ ಕಾಯ್ತಾನೆ. ಅದ್ಕೇ ನಾನು ಲೇಟಾಗಿ ಬತ್ತಿದ್ದೆ ಕಣವ್ವ. ಫೋನ್ ಕೈಯಲ್ಲೇ ಇಡ್ಕಂಡು ಕೂತಿರ್ತಿದ್ದೆ. ಇವ್ರು ಮೂರ್ ಜನ ಅವ್ನ ಮಾತಾಡ್ಸ್ಕಳ್ಳಿ ಅಂತ. ಎಮ್ಮೆ ಮಾರಿ ಏಸೋ ವರ್ಸ ಆಯ್ತು."

ಮಂಡ್ಯದವರು ಮೆಲ್ಲಗೆ ಕೇಳಿದರು. "ಆಚ್ಗೆ ಓಗಿ ಒಬ್ನೇ ಕೂತಿರ್ತಿದ್ನಾ?"

"ಇಲ್ಲ" ಅಂದೆ. "ಜಗುಲಿ ಮೇಲೆ ಕೂರ್ತಿದ್ರು. ನಾನಿರ್ತಿದ್ದೆ ಜೊತೇಲಿ. ಕಾಫಿ ಕುಡೀತಿದ್ವಿ."

"ಸದ್ಯ" ಎಂದು ಯಾರೋ ಉಸಿರು ಬಿಟ್ಟರು. ಯಾರೆಂದು ನನಗೆ ಗೊತ್ತಾಗಲಿಲ್ಲ, ಅವರ ದನಿಗಳು ಇನ್ನೂ ನನಗೆ ಪರಿಚಯವಾಗಿರಲಿಲ್ಲ.

ತಿಥಿಯ ದಿನ ತಂಗಿ ಬಂದು, ಆ ಡಬ್ಬ ನೀವೇ ಇಟ್ಟುಕೊಳ್ಳಿ ಟೀಚ್ರೆ ಎಂದರು. ಈಗ ಅದು ಮೇಲಿನ ಮನೆಯಲ್ಲಿದೆ. ಇಂಟರ್ನೆಟ್ಟಿನ ಪೆಟ್ಟಿಗೆ ಪಕ್ಕದ ಗೂಡಿನಲ್ಲೇ ಇದೆ, ಒಂದು ವೈರು ಚುಚ್ಚಿದರೆ ಡಾಂಗಲ್ಲೂ ಬೇಡ, ಡ್ರೈವರೂ ಬೇಡ. ಚುಚ್ಚಿಲ್ಲ. ಕರ್ನಲ್ ಹೊಸದಾದಾಗಲೆಲ್ಲ ಕೂತು ಕಟ್ಟುತ್ತೇನೆ.

ಸಂಜೆ ಆರಕ್ಕೆ ಮಂಡ್ಯ ಬರುತ್ತದೆ, ಹಾಸನ ಬರುತ್ತದೆ, ಚನ್ನಪಟ್ಟಣ ಬರುತ್ತದೆ. ಮೊದಲ ಕೆಲವು ದಿನ ಮಳವಳ್ಳಿಯೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಎಲ್ಲರೂ ಸೇರಿದ ಮೇಲೆ, ಅವರವರ ಮಾತಿನ ನಡುವೆ ನಾನ್ಯಾಕೆ ಎಂದು, ಒಂದು ಸಂಜೆ ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಮಾರನೇ ದಿನದಿಂದ ಮಳವಳ್ಳಿ ಮತ್ತೆ ಲೇಟು. ಬಾಗಿಲ ಹತ್ತಿರ ಯಾರೋ ಬಂದಿದ್ದರಂತೆ, ಎಮ್ಮೆಗೆ ನೀರು ತೋರಿಸುತ್ತಿದ್ದರಂತೆ. ನಾನು ಬೈಯುತ್ತೇನೆ. ಅವರು ಬರುವವರೆಗೆ ಉಳಿದ ಮೂವರು ಸ್ಕೂಲು ಹೇಗಾಯಿತು, ಏನು ಅಡಿಗೆ, ಆಕಾಶ ಹೇಗಿದೆ ಎಂದು ಕೇಳುತ್ತಾರೆ. ಡಾಂಗಲ್ಲಿನ ಮೇಲೆ ಬೆರಳಿಟ್ಟುಕೊಂಡು ಒಂದೊಂದಕ್ಕೂ ಉತ್ತರ ಹೇಳುತ್ತೇನೆ. ಬೆಚ್ಚಗಿರುತ್ತದೆ.